ರೊಟ್ಟಿ ಬಡಿದ ಸನ್ನೆ

ಆಂಧ್ರದ ಗಡಿಯೂರು ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನೊಳಗೆ ಬಾಯಿಮಾತು ನಡೆಯುವುದಿಲ್ಲ. ಮಷೀನುಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಅದಕ್ಕೇ ಅಲ್ಲಿಯ ಹೆಂಗಸರು ಕೈಯಲ್ಲಿ ಮಾತಾಡುತ್ತಾರೆ. ಬೆರಳನ್ನು ಕತ್ತರಿಯಂತೆ ಆಡಿಸಿದರೆ ದಾರ ಕತ್ತರಿಸು ಎಂದು. ಮೀಸೆ ತಿರುವಿದರೆ ಸಾಹುಕಾರ ಕೊಟ್ರಬಸಪ್ಪ ಬಂದ ಎಂದು. ರೊಟ್ಟಿ ಬಡಿಯುವಂತೆ ಅಂಗೈ ತಟ್ಟಿ ತಿರುಗಿಸಿದರೆ, ಉಂಡೆಯಾ ಎಂದು.

ಉಜ್ಜಿನಮ್ಮನ ಮಗಳು ಶಿರೀಷಾ ಬೆಳೆದದ್ದು ಅದೇ ಶೆಡ್ಡಿನಲ್ಲಿ, ಅವ್ವನ ಮಷೀನಿನ ಪಕ್ಕ, ಚಿಂದಿಯ ಗುಡ್ಡೆಯ ಮೇಲೆ. ಬಾಯಿಮಾತಿಗಿಂತ ಮೊದಲು ಅವಳಿಗೆ ಕೈಮಾತು ಬಂದಿತ್ತು. ಬೇಸಿಗೆ ರಜೆಗೆಂದು ರೊಳ್ಳ ಊರಿನ ಅಜ್ಜಿ, ಅಪ್ಪನ ತಾಯಿ ಜುಂಜಮ್ಮನ ಮನೆಗೆ ಹೋದವಳನ್ನು ಅಪ್ಪ ಮಾರೇಶ ತಿರುಗಿ ಕಳಿಸಲಿಲ್ಲ. ಉಜ್ಜಿನಮ್ಮನನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು. "ಗಾರ್ಮೆಂಟ್ಸ್ ಧೂಳ್ನಾಗೆ ನನ್ ಮಗು ಯಾಕ್ ಸಾಯ್ಬೇಕು?" ಎಂದು ಹೇಳಿಕಳಿಸಿ, ಅಲ್ಲೇ ಸ್ಕೂಲಿಗೆ ಸೇರಿಸಿದ. ಉಜ್ಜಿನಮ್ಮ ಮಗಳಿಗಾಗಿ ಆ ಕಡೆಯ ಕೋರ್ಟಿಗೆ ಹೋದಳು.

ವಿಚಾರಣೆಯ ಹಿಂದಿನ ದಿನ ಅವಳ ವಕೀಲ ವೆಂಕಟೇಶ್ ಫೋನು ಮಾಡಿದರು. "ನೀವು ಅಷ್ಟು ದೂರದಿಂದ ಬರೋದು ಬೇಡಮ್ಮ. ಈಗ ವೀಡಿಯೊದಲ್ಲೇ ಹಾಜರಾಗಬಹುದು. ಲಿಂಕ್ ಕಳಿಸ್ತೀನಿ, ಒತ್ತಿದ್ರೆ ಸಾಕು. ಯಾರ ಹತ್ರ ಇರ್ತೀಯ ಅಂತ ಜಡ್ಜ್ ಮೇಡಮ್ಮೇ ಮಗೂನ ಕೇಳ್ತಾರೆ."

ಶೆಡ್ಡಿನಲ್ಲಿ ಆರ್ಡರಿನ ಅವಸರವಿತ್ತು. ಬಸ್ಸು ಬದಲಿಸಿ ಬದಲಿಸಿ ಹೋಗುವುದು ತಪ್ಪಿತಲ್ಲ ಎಂದು ಉಜ್ಜಿನಮ್ಮನಿಗೂ ಹಗುರವೆನಿಸಿತು. ಮರುದಿನ ಅವಳು ಉಟ್ಟು ಬಂದ ಸೀರೆ ನೋಡಿ ಪಕ್ಕದ ಮಷೀನಿನ ತಿಪ್ಪಕ್ಕ ನಕ್ಕಳು.

"ಏನ್ಲೇ, ಲಗ್ನಕ್ಕ ಹೊಂಟಂಗ ಬಂದೀದಿ! ಫೋನಿನಾಗ ಮಾರಿ ಅಷ್ಟ ಕಾಣ್ತೈತಿ."

"ಜಡ್ಜಿಗಲ್ಲಬೇ, ನನ್ನ ಮಗಳಿಗೆ."

ಹೊಲಿದ ಪ್ಯಾಂಟುಗಳನ್ನು ಗಂಟು ಕಟ್ಟಿಡುವ ಕೋಣೆಯಲ್ಲಿ ಅವಳು ಬಾಗಿಲು ಹಾಕಿಕೊಂಡು ಕೂತಳು. ಪರದೆಯಲ್ಲಿ ಕೋರ್ಟು ಮೂಡಿತು. ಎತ್ತರದಲ್ಲಿ ನ್ಯಾಯಾಧೀಶೆ, ಕೆಳಗೆ ವಕೀಲರು, ಜುಂಜಮ್ಮನ ಸೆರಗು ಹಿಡಿದ ಶಿರೀಷಾ. ಹುಡುಗಿಯ ಮುಖ ಬಾಡಿತ್ತು. ಬೆಳಗಿನ ಬಸ್ಸಿಗೆ ಬರಿಹೊಟ್ಟೆಯಲ್ಲಿ ಹೊರಡಿಸಿರಬೇಕು ಎಂದುಕೊಂಡಳು ತಾಯಿ. ಯಾರೋ ಏನೋ ತೆಲುಗಿನಲ್ಲಿ ಓದುತ್ತಿದ್ದರು. ದೊಡ್ಡವರ ನಡುವೆ ಬಾಯಿ ಹಾಕಬಾರದು. ಉಜ್ಜಿನಮ್ಮನ ಕೈಗಳು ತಾವೇ ಎದ್ದವು. ತಟ್ಟಿ ತಿರುಗಿಸಿದಳು.

ಶಿರೀಷಾ ನೋಡಿದಳು. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ನ್ಯಾಯಾಧೀಶೆ ಕೇಳಿದಾಗ "ಅಮ್ಮನ ಹತ್ರ" ಎಂದಳು.

ಮಾರೇಶನ ವಕೀಲ ತಟ್ಟನೆ ಎದ್ದ. "ಮೇಡಂ, ತಾಯಿ ಅಲ್ಲಿಂದ ಕೈಸನ್ನೆ ಮಾಡಿ ಹೇಳಿಕೊಡ್ತಿದ್ದಾರೆ. ನಾನೇ ಕಂಡೆ."

"ಇಲ್ರೀ ಅಮ್ಮಾ! ಉಂಡಿಯಾ ಅಂತ ಕೇಳೀನ್ರಿ, ಅಷ್ಟ. ನಮ್ಮ ಶೆಡ್ಡಿನಾಗ ಹಂಗ ಕೇಳ್ತೀವ್ರಿ."

ಮುದ್ದೆ ಉಣ್ಣುವ ಸೀಮೆಯ ಆ ಕೋರ್ಟಿನಲ್ಲಿ ರೊಟ್ಟಿ ಬಡಿಯುವ ಕೈ ಯಾರಿಗೂ ಗುರುತು ಸಿಗಲಿಲ್ಲ. ನ್ಯಾಯಾಧೀಶೆ ಸಿಟ್ಟಾಗಲಿಲ್ಲ. ನೀವು ಹೇಳುವುದು ನಿಜವಿರಬಹುದಮ್ಮ, ಆದರೆ ಮಗು ಯಾರ ಮುಖವನ್ನೂ ನೋಡದೆ ಹೇಳಬೇಕು ಎಂದರು. ಪರದೆ ಕಪ್ಪಾಯಿತು.

ಆ ಕಪ್ಪಿನಲ್ಲಿ ಉಜ್ಜಿನಮ್ಮನಿಗೆ ತನ್ನ ಮುಖವೇ ಮಸುಕಾಗಿ ಕಂಡಿತು. ಸುತ್ತ ನೀಲಿ ಗಂಟುಗಳು. ಗೋಡೆಯಾಚೆ ಮಷೀನುಗಳ ಗೊರಗೊರ. ಅಲ್ಲಿ ಮಗಳನ್ನು ಏನು ಕೇಳುತ್ತಿದ್ದಾರೋ, ಹಸಿದ ಮಗು ಏನು ಹೇಳುತ್ತಿದೆಯೋ. ಬಸ್ಸಿಗೆ ಹೋಗಿದ್ದರೆ ಹೊರಗಿನ ಬೆಂಚಿನ ಮೇಲಾದರೂ ಕೂತಿರುತ್ತಿದ್ದೆ, ಬಂದ ಕೂಡಲೇ ಎತ್ತಿಕೊಳ್ಳುತ್ತಿದ್ದೆ ಅನಿಸಿತು. ಪರದೆ ಮತ್ತೆ ಬೆಳಗಿದಾಗ ಶಿರೀಷಾ ನಿಂತಿದ್ದ ಜಾಗ ಖಾಲಿಯಾಗಿತ್ತು.

ನಡೆದದ್ದನ್ನು ವೆಂಕಟೇಶ್ ತಿಳಿಸಿದರು. ಮಗು ಬರೀ ಅತ್ತಿತಂತೆ, ಏನೂ ಹೇಳಲಿಲ್ಲವಂತೆ. ಸನ್ನೆಯಾದ ಮೇಲೆ ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲವಂತೆ. ಶಾಲೆಯ ವರ್ಷ ಮುಗಿಯುವವರೆಗೆ ಶಿರೀಷಾ ಅಜ್ಜಿಯ ಹತ್ತಿರ. ಆಮೇಲೆ ತಾಯಿ ಖುದ್ದಾಗಿ ಬಂದರೆ ಮತ್ತೆ ವಿಚಾರಣೆ. ಅಲ್ಲಿಯವರೆಗೆ ಭಾನುವಾರಕ್ಕೊಮ್ಮೆ ಅರ್ಧ ಗಂಟೆ ವೀಡಿಯೊ ಮಾತು. ಅಜ್ಜಿ ಪಕ್ಕದಲ್ಲಿರಬೇಕು, ಬಾಯಿಬಿಟ್ಟೇ ಮಾತಾಡಬೇಕು, ಸನ್ನೆ ಕೂಡದು.

"ಅರ್ಧ ಗಂಟೆ ನಿಮ್ಮ ಹಕ್ಕಮ್ಮ, ಅದನ್ನ ಯಾರೂ ತಪ್ಪಿಸೋ ಹಾಗಿಲ್ಲ" ಎಂದು ವೆಂಕಟೇಶ್ ಸಮಾಧಾನ ಹೇಳಿದರು.

ಭಾನುವಾರ ಜುಂಜಮ್ಮ ತಪ್ಪದೆ ಫೋನು ಹಿಡಿದಳು. ಉಜ್ಜಿನಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

"ಉಂಡಿಯೇನವ್ವಾ?"

"ಹ್ಞೂಂ."

"ಏನುಂಡಿ?"

"ಮುದ್ದೆ." ಹುಡುಗಿ ಪರದೆಯ ಹತ್ತಿರ ಬಾಗಿದಳು. "ಅಮ್ಮಾ, ನಿನ್ ಕೈ ಎಲ್ಲಿ?"

"ಇಲ್ಲೇ ಅದಾವ."

"ತೋರ್ಸು ಮತ್ತೆ."

"ತೋರಿಸಬಾರದವ್ವಾ."

"ಯಾಕೆ?"

ಉಜ್ಜಿನಮ್ಮ ಕೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ಒತ್ತಿಕೊಂಡಳು. ಹೊರಗೆ ಯಾವುದೋ ಮಗು ಶಿರೀಷಾಳನ್ನು ಆಟಕ್ಕೆ ಕೂಗಿತು. ಒಂದು ಗಳಿಗೆ ಕಾದು ನೋಡಿ ಅವಳು ಎದ್ದು ಓಡಿದಳು.

"ಓಡೋದ್ಲು ಕಣಮ್ಮ" ಎಂದಳು ಜುಂಜಮ್ಮ, ತಪ್ಪು ತನ್ನದೇ ಎನ್ನುವ ಹಾಗೆ. "ಕೂಗ್ಲಾ?"

"ಬ್ಯಾಡ್ರಿ ಅತ್ತಿ. ಆಡ್ಲಿ ಬಿಡ್ರಿ."

"ಹಂಗಾರೆ ಫೋನ್ ಮಡಗ್ಲಾ?"

"ಮಡಗಬ್ಯಾಡ್ರಿ. ಇನ್ನೂ ಹೊತ್ತೈತಿ."

ಜುಂಜಮ್ಮ ಫೋನನ್ನು ಗೋಡೆಗೆ ಒರಗಿಸಿ ಒಲೆಯ ಕಡೆ ಹೋದಳು. ಪರದೆಯಲ್ಲಿ ತೆರೆದ ಬಾಗಿಲು, ಹೊಸ್ತಿಲ ಮೇಲೆ ಒಂದು ಜೊತೆ ಪುಟ್ಟ ಚಪ್ಪಲಿ. ದೂರದಲ್ಲಿ ಮಕ್ಕಳ ಗಲಾಟೆ. ಅದರೊಳಗಿನ ಒಂದು ದನಿಯನ್ನು ಹೆಕ್ಕುತ್ತ ಉಜ್ಜಿನಮ್ಮ ತನ್ನ ಅರ್ಧ ಗಂಟೆ ತೀರುವವರೆಗೂ ಅಲ್ಲೇ ಕೂತಳು.