ಸ್ವಾಗತಕ್ಕೆ ನಿಂತವರು

ವರ್ಷಕ್ಕೊಮ್ಮೆ ಹಳೆಯ ರೇಡಿಯೋಗಳ ಹುಚ್ಚಿನವರೆಲ್ಲ ಕುಮಟೆಯಲ್ಲಿ ಸೇರುತ್ತಿದ್ದರು. ಭಟ್ಕಳದಿಂದ, ಕಾರವಾರದಿಂದ, ಒಬ್ಬಿಬ್ಬರು ಗೋವೆಯಿಂದಲೂ ತಮ್ಮ ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಬರುತ್ತಿದ್ದರು. ಸಮಾವೇಶದಲ್ಲಿ ಸಂಬಳದ ಆಳು ಒಬ್ಬರೂ ಇಲ್ಲ. ಕುರ್ಚಿ ಹಾಕುವುದರಿಂದ ಊಟದ ಎಲೆ ತೆಗೆಯುವವರೆಗೆ ಎಲ್ಲವೂ ಸ್ವಯಂಸೇವಕರದೇ. ಅವರನ್ನು ಕೂಡಿಸಿ ನಡೆಸುವವಳು ಮಿರ್ಜಾನದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೇಮಾ. ಅವಳನ್ನು ಇದಕ್ಕೆ ಎಳೆತಂದವರು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಕೃಷ್ಣಾನಂದ. ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುವುದು ಅವರ ಕೆಲಸ.

ಹಿಂದಿನ ವರ್ಷ ಕೃಷ್ಣಾನಂದರು ಬಂದವರೊಬ್ಬರ ಬಳಿ, ತೀರಿಕೊಂಡಿದ್ದ ಅವರ ಹೆಂಡತಿಯ ಆರೋಗ್ಯ ವಿಚಾರಿಸಿದ್ದರು. ಊಟವಾದ ಮೇಲೆ ಮತ್ತೆ ಅದನ್ನೇ ಕೇಳಿದ್ದರು. ಹಾಗಾಗಿ ಈ ಸಲ ಅವರನ್ನು ಬಾಗಿಲಿಗೆ ನಿಲ್ಲಿಸುವುದು ಬೇಡವೆಂದು ಉಳಿದ ಸ್ವಯಂಸೇವಕರು ಹೇಳಿದರು.

"ಅವರ ಪಕ್ಕ ನಾ ನಿಲ್ತೆ," ಎಂದು ಹೇಮಾ ಹಟ ಹಿಡಿದಳು.

ಕುಮಟೆಯ ಸಭಾಭವನ ರಿಪೇರಿಯಲ್ಲಿದ್ದುದರಿಂದ ಸಮಾವೇಶ ಹೊನ್ನಾವರಕ್ಕೆ ಹೋಯಿತು. ಹೇಮಾ ಕುಮಟೆಯಲ್ಲಿದ್ದ ಕೃಷ್ಣಾನಂದರ ಮನೆಗೇ ಹೋಗಿ ತಿಳಿಸಿದಳು. ಕಾರು ಕಳಿಸುವೆನೆಂದಳು.

"ಕಾರು ಎಂತಕ್ಕೆ? ಹೊನ್ನಾವರ ಅಲ್ದನಾ? ಬಸ್ಸಿಗೇ ಬತ್ತೆ," ಎಂದರು.

ಆ ದಿನ ಬಂದವರೆಲ್ಲ ಮೊದಲು ಕೇಳಿದ್ದು ಅವರನ್ನೇ. ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಊಟದ ಹೊತ್ತಿಗೆ ಅವರ ಹೆಂಡತಿ ನರ್ಮದಾ ಫೋನ್ ಮಾಡಿದರು. "ಫೋನು ಇಲ್ಲೇ ಬಿಟ್ಟು ಹೋಗ್ಯಾರೆ ಹೇಮಾ. ಅಲ್ಲಿಗೆ ಮುಟ್ಟಿದ್ರನಾ?"

ಹಳೆಯ ಜಾಗಕ್ಕೇ ಹೋಗಿರಬೇಕೆಂದು ಹೇಮಾಗೆ ಹೊಳೆಯಿತು. ಬಾಗಿಲನ್ನು ಧನ್ಯಾ ಎಂಬ ಹುಡುಗಿಗೆ ಒಪ್ಪಿಸಿ, ರಿಕ್ಷಾ ಹಿಡಿದು ಕುಮಟೆಗೆ ಓಡಿದಳು.

ಸಿಮೆಂಟ್ ಚೀಲಗಳ ನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಸಭಾಭವನದ ಮೆಟ್ಟಿಲ ಮೇಲೆ ಕೃಷ್ಣಾನಂದರು ಕುಳಿತಿದ್ದರು. ಎದುರಿನ ಅಂಗಡಿಯಿಂದ ಕುರ್ಚಿಗಳನ್ನು ಬೇಡಿ ತಂದು, ಧೂಳು ಒರೆಸಿ ಸಾಲಾಗಿ ಇಟ್ಟಿದ್ದರು.

"ಒಬ್ರೂ ಬರ್ಲಿಲ್ಲ ಮಾರಾಯ್ತಿ," ಎಂದರು. ಕಣ್ಣು ತುಂಬಿತ್ತು. "ಎಲ್ಲ ಸತ್ತೇ ಹೋದ್ರನಾ?"

ನಿಮಗೇ ಮರೆತುಹೋಗಿದೆ ಎನ್ನಲು ಹೇಮಾಗೆ ನಾಲಗೆ ಏಳಲಿಲ್ಲ. "ಎಲ್ಲರೂ ಬಂದಾರೆ. ಹೊನ್ನಾವರದಲ್ಲಿ. ನಿಮಗೆ ಹೇಳೂಕೆ ನಾನೇ ಮರೆತೆ."

ಒಂದು ಗಳಿಗೆ ಅವರ ಮುಖ ಅರಳಿತು. ಆಮೇಲೆ ಅದು ಮೆಲ್ಲಗೆ ಬಾಡಿತು.

"ಬಾಗ್ಲಲ್ಲಿ ಯಾರು?"

"ಧನ್ಯಾ."

"ಹಂಗಾರೆ ಆತು. ನಾ ಬ್ಯಾಡಾಗಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು ನೀನು."

ಕುರ್ಚಿಗಳನ್ನು ಒಂದೊಂದಾಗಿ ಅಂಗಡಿಗೆ ಹಿಂದಿರುಗಿಸಿದರು. ಹೇಮಾಳನ್ನು ಒಂದನ್ನೂ ಮುಟ್ಟಗೊಡಲಿಲ್ಲ. ರಿಕ್ಷಾ ಹತ್ತದೆ ನಡೆದೇ ಮನೆಗೆ ಹೋದರು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಗೆ ರೇಡಿಯೋ ಎಂದರೇನೆಂದೇ ತಿಳಿಯದಂತಾಯಿತು. ನರ್ಮದಾರನ್ನು ಅಕ್ಕಾ ಎಂದು ಕರೆಯತೊಡಗಿದರು. ಆದರೆ ಹೇಮಾ ಬಂದರೆ ಮಾತ್ರ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

"ಅವ್ರಿಗೆ ನಾ ಯಾರಂತ ಗೊತ್ತಿಲ್ಲ, ನಿನ್ನ ಮೇಲಿನ ಸಿಟ್ಟು ಮಾತ್ರ ಹೋಗ್ಲಿಲ್ಲ," ಎಂದು ನರ್ಮದಾ ಅತ್ತರು. "ನೀ ಹೇಳಿದ್ದೆ, ಮರೆತದ್ದು ಅವ್ರೇ ಅಂತ ನಿಜ ಹೇಳಿಬಿಡ್ಲನಾ?"

"ಬ್ಯಾಡ, ನಿಮ್ಮ ದಮ್ಮಯ್ಯ," ಎಂದಳು ಹೇಮಾ.

ಅಂದಿನಿಂದ ಅವಳು ಕೋಣೆಯೊಳಗೆ ಹೋಗಲಿಲ್ಲ. ಬಂದಾಗಲೆಲ್ಲ ಜಗುಲಿಯಲ್ಲೇ ಕುಳಿತು, ನರ್ಮದಾರೊಡನೆ ದನಿ ತಗ್ಗಿಸಿ ಮಾತಾಡಿ, ಎದ್ದು ಹೋಗುತ್ತಿದ್ದಳು.