ನೆನೆಸಿದ ನೆಲ್ಲು

ಮಾನ್ವಿಯ ರೈಸ್ ಮಿಲ್ಲಿಗೆ ಎರಡನೇ ಬಾಯ್ಲರ್ ಬಂದ ವರ್ಷ ಶರಣಮ್ಮನ ನಡಿಗೆಯೇ ಬದಲಾಯಿತು. ಗಂಡ ವಿರೂಪಣ್ಣ ಮಿಲ್ಲಿನ ಮಾಲೀಕ; ಮನೆಯ ಅಂಗಳದ ಗೋಡೆಯಾಚೆಗೇ ಚಿಮಣಿ. ನೆಲ್ಲು ಬೇಯಿಸಲು ಉರಿಸಿದ ಹೊಟ್ಟಿನಿಂದ ಹಾರುವ ಕರಿಬೂದಿ ಓಣಿಯವರ ಒಗೆದ ಬಟ್ಟೆಯ ಮೇಲೆಲ್ಲ ಕೂಡುತ್ತಿತ್ತು. ಕುರಿಗಾರರ ಮಾರೆಮ್ಮ ಕೆಮ್ಮುತ್ತ ಬಂದು ಹೇಳಿಕೊಂಡರೆ, "ನಿನ್ನ ಮಗಗ ಕೂಲಿ ಎಲ್ಲಿಂದ ಬರ್ತದಬೇ? ಬೂದಿ ಬ್ಯಾಡಂದ್ರ ಅನ್ನಾನೂ ಬ್ಯಾಡನ್ನು" ಎಂದು ಬಾಯಿ ಮುಚ್ಚಿಸಿ ಕಳಿಸಿದ್ದಳು ಈ ಮಹಾತಾಯಿ.

ಮಾಲೀಕರ ಮನೆ ಯಾವುದು, ಕೂಲಿಯವರ ಮನೆ ಯಾವುದು ಎಂದು ಬೂದಿಗೇನು ಗೊತ್ತು? ಮಗಳು ವಿಜಯಶ್ರೀ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಗಂಡು ಕೂಸು ಹೆತ್ತಳು. ಬೆಳಗಾದರೆ ತೊಟ್ಟಿಲ ಬಟ್ಟೆ ಕಪ್ಪು. ಸುಗ್ಗಿ ಜೋರಾದಂತೆ ಕೂಸಿನ ಎದೆ ಗೊರಗೊರ ಅನ್ನತೊಡಗಿತು. ಹೊಗೆಯಿಂದ ದೂರ ಇಡಿ ಅಂದರು ಡಾಕ್ಟರು.

"ಯವ್ವಾ, ಇವತ್ತ ದೇವದುರ್ಗಕ್ಕ ಹೋಗಿಬಿಡ್ತೀನಿ. ಅತ್ತಿ ಮನ್ಯಾಗ ಗಾಳಿ ಛಲೋ ಅದ," ಎಂದಳು ಮಗಳು.

"ಅಮಾಸಿ ದಿನ ಬಾಣಂತಿನ್ನ ಹೊಸ್ತಿಲ ದಾಟಿಸಿದ್ರ ಮಂದಿ ಏನಂದಾರು? ನಾಳಿ ಹೋಗೀಯಂತ."

ಹಾಗೆಂದರೂ ಶರಣಮ್ಮ ಗಂಡನ ಹತ್ತಿರ ಓಡಿದಳು.

"ಇವತ್ತೊಂದಿನ ಬಾಯ್ಲರ್ ನಿಲ್ಲಸ್ರಿ. ಕೂಸು ಉಸುರಿಗೆ ಒದ್ದಾಡಾಕತ್ತದ."

ವಿರೂಪಣ್ಣ ಕಟುಕನಲ್ಲ, ಮೊಮ್ಮಗನೆಂದರೆ ಜೀವ ಬಿಡುತ್ತಿದ್ದ. "ಟಾಕಿ ತುಂಬ ನೆಲ್ಲು ನೆನಿ ಹಾಕೇವಿ. ಇವತ್ತ ಬೇಯಸ್ಲಿಲ್ಲಂದ್ರ ನಾರತದ, ನಾಯಿನೂ ಮೂಸೂದಿಲ್ಲ. ಕಿಟಕಿ ಹಾಕ್ಕೊಂಡು ಕೂಡ್ರಿ. ನಾಳಿ ನಾನ ಕಾರಿನ್ಯಾಗ ಬಿಟ್ಟು ಬರ್ತೀನಿ," ಎಂದ.

ಕಿಟಕಿ ಹಾಕಿದರು. ಸಂದಿಗೆ ಹಳೆ ಸೀರೆ ತುರುಕಿದರು. ಸಂಜೆಗೆ ಕೂಸಿನ ತುಟಿ ನೀಲಿಯಾಯಿತು. ಆಗ ಅಮಾವಾಸ್ಯೆಯನ್ನು ಯಾರು ಕೇಳಬೇಕು? ಕಾರು ರಾಯಚೂರಿನ ಆಸ್ಪತ್ರೆಯ ಕಡೆ ಓಡಿತು. ಕಲ್ಲೂರು ದಾಟುವಷ್ಟರಲ್ಲಿ ಶರಣಮ್ಮನ ಮಡಿಲಲ್ಲಿ ಆ ಗೊರಗೊರ ನಿಂತುಹೋಯಿತು.

ಮರುದಿನ ಮುಂಜಾನೆ ಕೂಸಿನ ಹಣೆಗೆ ವಿಭೂತಿ ಹಚ್ಚಿ ಮಣ್ಣು ಮಾಡಿ ಬಂದರು. ಮಾರೆಮ್ಮ ಬಂದು ಶರಣಮ್ಮನ ಪಕ್ಕದಲ್ಲಿ ಕುಳಿತಳು. ಬಂದ ಕೆಮ್ಮನ್ನು ಸೆರಗಿನಲ್ಲೇ ಅದುಮಿಕೊಂಡಳು.

ಮಿಲ್ಲಿನ ಸದ್ದಿಲ್ಲವೆಂದು ಶರಣಮ್ಮನಿಗೆ ಆಗ ತಿಳಿಯಿತು. ಚಿಮಣಿಯ ಮೇಲೆ ಬರಿ ಆಕಾಶ. ಮನೆಯಲ್ಲಿ ಸಾವಾದರೆ ಮಣ್ಣು ಮಾಡಿದ ದಿನ ಬಾಯ್ಲರ್ ಹಚ್ಚಬಾರದು ಎಂಬುದು ಮಾವನ ಕಾಲದಿಂದ ಬಂದ ಕಟ್ಟಳೆ. ಟಾಕಿಯಲ್ಲಿ ಇನ್ನೂ ನೆನೆದ ನೆಲ್ಲಿದ್ದರೂ ಬೆಂಕಿ ಆರಿಸಲು ವಿರೂಪಣ್ಣನೇ ಹೇಳಿ ಕಳಿಸಿದ್ದ.

ಅವನು ಅಂಗಳಕ್ಕೆ ಬಂದಾಗ ಶರಣಮ್ಮ ತಲೆಯೆತ್ತಿ ಕೇಳಿದಳು: "ಇವತ್ತ ನಾರೂದಿಲ್ಲೇನ್ರಿ ನೆಲ್ಲು?"