ನಾಲ್ಕು ಅಂಚಿನ ಬಟ್ಟೆ

"ಕತ್ತರಿ ಎಲ್ಲಿಂದ ಹಾಕಬೇಕಪಾ ಇದಕ್ಕ?"

ಮಾಧುರಿ ಕೇಳಿದ್ದು ಯಾರನ್ನೂ ಅಲ್ಲ. ಪರದೇಶದ ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲಿ ಊಟದ ಮೇಜಿನ ತುಂಬ ಕೆಂಪು ಬಟ್ಟೆ ಹರಡಿತ್ತು. ಬಟ್ಟೆಯ ತುಂಬ ಹಕ್ಕಿ, ಮೆಕ್ಕೆಜೋಳದ ತೆನೆ. ಎತ್ತ ತಿರುಗಿಸಿದರೂ ನೇಯ್ದೇ ಮುಗಿಸಿದ ಅಂಚು. ಅಂಗಡಿಯ ಉದ್ದ ಸುರುಳಿಯಿಂದ, ತಾನಿನಿಂದ, ಹರಿದುಕೊಂಡ ಗುರುತೇ ಇಲ್ಲ.

ಗ್ವಾಟೆಮಾಲಾದ ಬೆಟ್ಟದೂರಿನ ಮಾಯಾ ಹೆಂಗಸರು, ಕತಾರಿನಾ ಮತ್ತು ಅವಳ ಸಂಘದವರು, ಮಾರಿಕೊಡು ಎಂದು ಕಳಿಸಿದ ಬಟ್ಟೆಗಳವು. ಅವರ ನೂಲಿಗೆ ಮೊದಲ ಸಣ್ಣ ಸಾಲ ಕೊಟ್ಟವರು ಮಾಧುರಿ ಮತ್ತವಳ ಆಫೀಸಿನ ಗೆಳತಿಯರು. ಅದು ತೀರಿಯೂ ಆಗಿತ್ತು. ಇನ್ನಷ್ಟು ಹೆಂಗಸರು ಮಗ್ಗಕ್ಕೆ ಕೂರಬೇಕಾದರೆ ಈಗ ದೊಡ್ಡ ಸಾಲ ಬೇಕು. ಮಾಧುರಿಯ ಉಪಾಯ ಸಿದ್ಧವಿತ್ತು. ನಾಳೆ ಶ್ರಾವಣ ಶುಕ್ರವಾರದ ಅರಿಶಿನ ಕುಂಕುಮಕ್ಕೆ ಬರುವವರ ಉಡಿಗೆ ಇದೇ ಬಟ್ಟೆಯ ಖಣ, ರವಿಕೆಗಾಗುವಷ್ಟು ತುಂಡು, ಹಾಕುವುದು. ಇಂಥ ಕೆಲಸ ಮಡಿಲಿಗೆ ಬಿದ್ದ ಮೇಲೆ ಯಾರು ತಾನೆ ಸಾಲಕ್ಕೆ ಕೈಜೋಡಿಸುವುದಿಲ್ಲ?

"ನೋಡಕೋತ ನಿಂತ್ರ ಕತ್ತರಿ ತಾನ ಓಡತೈತೇನು?" ವೀಳ್ಯದೆಲೆ ಒರೆಸುತ್ತಿದ್ದ ಅತ್ತೆ ಚನ್ನಬಸವ್ವ ಅಂದರು. "ಒಂದರಾಗ ನಾಕು ಖಣ ಆಕ್ಕಾವ. ಹಾಕು."

"ಇದು ತಾನಿನ ಅರಿವಿ ಅಲ್ರೀ ಅತ್ಯಾ. ನಾಕೂ ಕಡೆ ಅಂಚೈತಿ."

"ಅಂಚಿಗೆ ಅಂಜಿದ್ರ ಜಂಪರ್ ಆಗೂದಿಲ್ಲವಾ. ಅಷ್ಟ ಅನುಮಾನ ಇದ್ರ ನೇಯ್ದಾಕಿನ್ನ ಕೇಳು."

ಸಂಜೆ ಕ್ಲಾಸಿನಲ್ಲಿ ಕಲಿತ ಸ್ಪ್ಯಾನಿಷ್ ನಂಬಿ ಮಾಧುರಿ ವಿಡಿಯೋ ಕಾಲ್ ಮಾಡಿದಳು. ಕತಾರಿನಾ ಅಂಗಳದ ಚಾಪೆಯ ಮೇಲೆ ಕೂತಿದ್ದಳು. ಮಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ಪಟ್ಟಿಯಾಗಿ ಅವಳ ಸೊಂಟಕ್ಕೆ.

"ಕತ್ತರಿಸುವುದಾ?" ಕತಾರಿನಾ ಗಟ್ಟಿಯಾಗಿ ನಕ್ಕಳು. "ಹಬ್ಬಕ್ಕೆ ಕರೆದು ಹಕ್ಕಿಗಳ ಕತ್ತು ಕೊಯ್ಯುತ್ತೀಯಾ? ಎಷ್ಟು ಬೇಕೋ ಅಷ್ಟೇ ನೇಯುವವರು ನಾವು. ನಮ್ಮಜ್ಜಿ ಬಟ್ಟೆಗೆ ಕತ್ತರಿ ಮುಟ್ಟಿಸಿದವಳಲ್ಲ."

"ಏನಂತಾಳ?" ಚನ್ನಬಸವ್ವ ಎದ್ದು ಬಂದರು.

"ಬ್ಯಾಡ ಅಂತಾಳ್ರೀ."

"ಸಾಲ ಬೇಕಾದಾಕಿಗೆ ಇಷ್ಟು ಬಿಗುವೇನ! ಇನ್ನೊಮ್ಮೆ ಕೇಳು." ಹಾಗೆ ಅನ್ನುತ್ತಲೇ ಅವರ ಬೆರಳು ಬಟ್ಟೆಯ ಅಂಚು ಹಿಡಿದು ಹೊರಟಿತು, ಒಂದು ಮೂಲೆ, ಇನ್ನೊಂದು ಮೂಲೆ, ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಂತಿತು. ಅವರು ಕತ್ತರಿಯನ್ನು ಎತ್ತಿ ವೀಳ್ಯದೆಲೆಯ ಪಕ್ಕಕ್ಕಿಟ್ಟರು.

ಮಾಧುರಿ ಕೊನೆಯದಾಗಿ ಕೇಳಿದಳು: "ಕತಾರಿನಾ, ನಾಳೆ ಬರುವವರಿಗೆಲ್ಲ ಕೊಡುವಷ್ಟು ಬಟ್ಟೆ ಇಲ್ಲ. ಕೊಡದಿದ್ದರೆ ದೊಡ್ಡ ಸಾಲದ ಮಾತು ಅಲ್ಲಿಗೇ ನಿಲ್ಲಬಹುದು. ಈ ಒಂದು ಸಲ ಒಪ್ಪಿಕೋ."

ಕತಾರಿನಾ ಸೊಂಟದ ಪಟ್ಟಿಗೆ ಬೆನ್ನು ಕೊಟ್ಟು ಹಿಂದಕ್ಕೆ ವಾಲಿದಳು. ಸಡಿಲವಾಗಿ ತೂಗುತ್ತಿದ್ದ ಎಳೆಗಳೆಲ್ಲ ಮರದಿಂದ ಅವಳ ಮೈವರೆಗೆ ಬಿಗಿದು ನಿಂತವು.

"ಸಾಲ ಬೇಕು," ಅಂದಳು. "ಕತ್ತರಿಸಲು ಕೊಡುವುದಿಲ್ಲ."